ಸಸಿ ನೆಡುವ ಮುನ್ನ ಮಣ್ಣಿನ ಲೆಕ್ಕ ನೋಡಿ

ಮಳೆಗಾಲ ಬಂತೆಂದರೆ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳಲ್ಲಿ ವನಮಹೋತ್ಸವದ ಸಂಭ್ರಮ. 1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ. ಎಂ. ಮುನ್ಶಿ ಅವರು ಆರಂಭಿಸಿದ ಈ ಕಾರ್ಯಕ್ರಮವನ್ನು ಹೊರನಾಡ ಕನ್ನಡಿಗರು ಶ್ರದ್ಧೆಯಿಂದ ನಡೆಸಿಕೊಂಡು ಬಂದಿರುವುದು ಸ್ತುತ್ಯರ್ಹ. ಬರಿಯ ನೆರಳಲ್ಲ, ನಾಲ್ಕು ಜನರಿಗೆ ಉಪಯೋಗವೂ ಆಗಲಿ ಎಂದು ಮಾವು, ನುಗ್ಗೆ, ಕರಿಬೇವಿನ ಸಸಿಗಳನ್ನೇ ಹೆಚ್ಚಾಗಿ ಆರಿಸುತ್ತಾರೆ. ಆದರೆ ಊರಿನ ಹಿತ್ತಿಲಿನ ಮಣ್ಣು ಬೇರೆ, ನಗರದಲ್ಲಿ ಸಿಗುವ ಜಾಗದ ಮಣ್ಣು ಬೇರೆ ಎಂಬುದನ್ನು ಪದಾಧಿಕಾರಿಗಳು ಗಮನಿಸಬೇಕು.

ಮುಚ್ಚಿದ ಕಾರ್ಖಾನೆಯ ಆವರಣ, ಹೆದ್ದಾರಿಯ ಅಂಚು, ಕಸ ತುಂಬಿ ಸಮತಟ್ಟು ಮಾಡಿದ ನಿವೇಶನ - ಇಂಥ ಕಡೆ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಸೇರಿರುವ ಸಾಧ್ಯತೆ ಹೆಚ್ಚು. ಸೀಸ ಬೆರೆತ ಪೆಟ್ರೋಲು ದೇಶದಲ್ಲಿ 2000ದಲ್ಲೇ ನಿಂತಿತು. ಆದರೆ ಅದು ರಸ್ತೆಬದಿಯಲ್ಲಿ ಉದುರಿಸಿಹೋದ ಸೀಸ ಎಲ್ಲೂ ಹೋಗಿಲ್ಲ. ಲೋಹ ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಬ್ಯಾಂಕಿನ ಲೆಕ್ಕದಂತೆ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ, ಅಷ್ಟೆ.

ಹಾಗಾದರೆ ಅಂಥ ಜಾಗವನ್ನು ಪಾಳು ಬಿಡಬೇಕೇ? ಖಂಡಿತ ಬೇಡ. ಮರದ ಯಾವ ಭಾಗವನ್ನು ಉಪಯೋಗಿಸುತ್ತೇವೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಸೀಸ ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ. ಕ್ಯಾಡ್ಮಿಯಂ ಸುಲಭವಾಗಿ ಎಲೆಗೆ ಏರುತ್ತದೆ. ಹಣ್ಣಿಗೆ ಸೇರುವುದು ಸಾಮಾನ್ಯವಾಗಿ ಎಲೆಗಿಂತ ಕಡಿಮೆ. ಆದ್ದರಿಂದ ಸೊಪ್ಪಿಗಾಗಿ ಬೆಳೆಸುವ ಕರಿಬೇವು, ನುಗ್ಗೆಗಳಿಗೆ ಇದು ಸ್ಥಳವಲ್ಲ. ಹಣ್ಣಿನ ಮರಗಳಲ್ಲೂ ಎಲ್ಲವೂ ಒಂದೇ ತೆರನಲ್ಲ. ಕೋಕೋ ಬೀಜ ಕ್ಯಾಡ್ಮಿಯಂ ಹೀರುವುದರಿಂದಲೇ ಯುರೋಪ್ ಒಕ್ಕೂಟ 2019ರಿಂದ ಚಾಕೊಲೇಟಿಗೆ ಮಿತಿ ಹಾಕಿದೆ.

ಬಾಯಿಗೆ ಹೋಗದ ಬೆಳೆಯೇ ಇಲ್ಲಿ ಲೇಸು. ತೇಗ, ಗಾಳಿಮರ ನಾಟಾ ಕೊಡುತ್ತವೆ. ಹೊಂಗೆಯ ಎಣ್ಣೆ ದೀಪಕ್ಕೂ ಎಂಜಿನ್ನಿಗೂ ಆಗುತ್ತದೆ. ಬಿದಿರನ್ನು ಗಳಕ್ಕೆ ಬೆಳೆಸಬಹುದು, ಆದರೆ ಕಳಲೆಯ ಆಸೆ ಬಿಡಬೇಕು. ಇಲ್ಲಿಯ ತರಗೆಲೆ, ಬೂದಿ, ಹೊಂಗೆಹಿಂಡಿಗಳನ್ನು ತರಕಾರಿ ಪಾತಿಗೆ ಹಾಕಲೂಬಾರದು.

ಮರವೇ ವಿಷವನ್ನೆಲ್ಲ ಹೀರಿ ನೆಲ ಶುದ್ಧ ಮಾಡುತ್ತದೆ ಎಂಬ ಮಾತೂ ಕೇಳಿಬರುತ್ತಿದೆ. ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಒಂದು ಮರವಿದೆ. ಅದರ ಹಾಲನ್ನು ಒಣಗಿಸಿದರೆ ಸುಮಾರು ಕಾಲುಭಾಗ ನಿಕ್ಕಲ್. ಅಂಥ ಮರ ಅಪರೂಪ. ಸಾಧಾರಣ ಮರಗಳಿಂದ ನೆಲ ಶುದ್ಧವಾಗಲು ಒಂದೆರಡು ತಲೆಮಾರೂ ಸಾಲದು.

ಮರದ ನಿಜವಾದ ಉಪಕಾರ ಧೂಳು ತಡೆಯುವುದರಲ್ಲಿದೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು, ಅರೆದ ಅದಿರಿನ ದಿಬ್ಬಗಳು ಉಳಿದವು. ಸೈನೈಡ್ ಬಿಸಿಲು-ಗಾಳಿಗೆ ಕ್ರಮೇಣ ಒಡೆದುಹೋದರೂ ಲೋಹದಂಶ ಹೋಗದು. ಬೇಸಿಗೆಯ ಗಾಳಿಗೆ ಆ ಧೂಳು ಮನೆಗಳ ಮೇಲೆ ಬೀಳುತ್ತದೆ. ಮಣ್ಣಿನಲ್ಲಿ ಆಡಿದ ಕೈಯನ್ನು ಬಾಯಿಗಿಡುವ ಮಕ್ಕಳಿಗೇ ಇದರಿಂದ ಹೆಚ್ಚು ಅಪಾಯ. ಬೇರು ಹಿಡಿದ ಮರ, ಬುಡಕ್ಕೆ ಹುಲ್ಲು, ಇಷ್ಟಿದ್ದರೆ ಧೂಳು ಏಳುವುದು ತಗ್ಗುತ್ತದೆ.

ಸಂಘಗಳು ಮಾಡಬೇಕಾದ ಮೊದಲ ಕೆಲಸ ಮಣ್ಣು ಪರೀಕ್ಷೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸೀಸವೂ ಇಲ್ಲ, ಕ್ಯಾಡ್ಮಿಯಮ್ಮೂ ಇಲ್ಲ. ಪ್ರಯೋಗಾಲಯದಲ್ಲಿ ಇವುಗಳನ್ನು ಹೆಸರಿಟ್ಟು ಕೇಳಿ, ಪ್ರತ್ಯೇಕ ಶುಲ್ಕ ತೆತ್ತು ಮಾಡಿಸಬೇಕು. ಸಮಾರಂಭದ ಹಾರ-ತುರಾಯಿಯ ಬಾಬ್ತಿನಲ್ಲಿ ಸ್ವಲ್ಪ ಉಳಿಸಿದರೆ ಇದಕ್ಕೆ ಹಣ ಒದಗೀತು. ಸಸಿಯ ಜೊತೆ ಭಾವಚಿತ್ರ ತೆಗೆಸಿಕೊಂಡವರು ಮನೆಗೆ ಮರಳುತ್ತಾರೆ. ಆ ಮರದ ಸೊಪ್ಪನ್ನು ಹತ್ತು ವರ್ಷಗಳ ಬಳಿಕ ಕಿತ್ತು ಸಾರಿಗೆ ಹಾಕುವವರು ಅಕ್ಕಪಕ್ಕದ ಚಾಳಿನ ಬಡವರು. ಅವರ ಮನೆಯ ಮಕ್ಕಳನ್ನು ನೆನೆದು ಸಸಿ ಆರಿಸುವುದು ಸಂಘಗಳ ಕರ್ತವ್ಯ.