ಅಜ್ಜಿ ನಾಟಕ ಆಡ್ತಿಲ್ಲ ಕಣ್ರೋ (ಸೊಂಟದ ಸರಣಿ, ಭಾಗ 3)

"ಬೆಳಗ್ಗಿಂದ ಬಗ್ಗಿ ಕಳೆ ಕೀಳೋಕೆ ಆಗುತ್ತೆ, ಬಸ್ ಸ್ಟ್ಯಾಂಡ್‌ವರೆಗೆ ನಡೆಯೋಕೆ ಮಾತ್ರ ಆಗಲ್ವಂತೆ!"

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಕಡೆ ಕಡ್ಲೆಕಾಯಿ ಹೊಲಕ್ಕೆ ಹೋದ್ರೂ ವಯಸ್ಸಾದವರ ಬಗ್ಗೆ ಈ ಮಾತು ಕಿವಿಗೆ ಬೀಳುತ್ತೆ. ನಾವೂ ಜೊತೆಗೆ ನಕ್ಕಿರ್ತೀವಿ. ಆದ್ರೆ ಆ ಮಾತಲ್ಲೇ ಕಾಯಿಲೆಯ ಗುರುತಿದೆ.

ಬೆನ್ನುಮೂಳೆಯ ಹಿಂಭಾಗದಲ್ಲಿ ಸಣ್ಣ ಸಣ್ಣ ಕೀಲುಗಳಿವೆ. ವಯಸ್ಸಾದಂತೆ ಅವು ಸವೆಯುತ್ತವೆ. ಕೆಲವರಲ್ಲಿ ಸವೆದ ಕೀಲಿನ ಪೊರೆ ಉಬ್ಬಿ, ನೀರು ತುಂಬಿದ ಗುಳ್ಳೆ ಆಗುತ್ತೆ. ಇದೇ ಸೈನೋವಿಯಲ್ ಸಿಸ್ಟ್. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಅದು ನರವನ್ನ ಒತ್ತಿದ್ರೆ ಸೊಂಟದಿಂದ ಕಾಲಿಗೆ ನೋವು ಇಳಿಯುತ್ತೆ, ಜೋಮು ಹಿಡಿಯುತ್ತೆ. ನೆಟ್ಟಗೆ ನಿಂತಾಗ ನರದ ದಾರಿ ಇನ್ನೂ ಕಿರಿದಾಗುತ್ತೆ, ಬಗ್ಗಿದ್ರೆ ಕೂತ್ರೆ ಸ್ವಲ್ಪ ಅಗಲ ಆಗುತ್ತೆ. ಅದಕ್ಕೇ ಇಂಥವರಿಗೆ ಮಧುಗಿರಿ ಬೆಟ್ಟದಂಥ ಏರು ಹತ್ತೋದಕ್ಕಿಂತ ಇಳಿಯೋದೇ ಕಷ್ಟ: ಹತ್ತುವಾಗ ಮುಂದಕ್ಕೆ ಬಾಗ್ತೀವಿ, ಇಳಿಯುವಾಗ ಹಿಂದಕ್ಕೆ. ಡಿಸ್ಕ್ ಜಾರಿದವರಲ್ಲಿ ಸಾಮಾನ್ಯವಾಗಿ ಉಲ್ಟಾ, ಬಗ್ಗಿದ್ರೆನೇ ಜೀವ ಹೋಗುತ್ತೆ.

ನಾವು ಎರಡಕ್ಕೂ "ನರ ಹಿಡ್ಕೊಂಡಿದೆ" ಅಂತ ಒಂದೇ ಹೆಸರಿಟ್ಟು ಎಣ್ಣೆ ಹಾಕಿ ನೀವಿಸ್ತೀವಿ. ಎಕ್ಸ್‌ರೇಲಿ ಮೂಳೆ ಕಾಣುತ್ತೆ, ಈ ಗುಳ್ಳೆ ಕಾಣಲ್ಲ. ಎಂಆರ್‌ಐ ಬೇಕು.

ಈಗ ಆ ರೀಲ್ಸ್ ವಿಷಯ. "ಚಿಕ್ಕ ತೂತು, ನಾಳೆನೇ ಮನೆಗೆ!" ತಂತ್ರ ಸುಳ್ಳಲ್ಲ. ಸುಮಾರು 2 ಸೆಂಟಿಮೀಟರ್ ಸೀಳಿ, ಸ್ನಾಯು ಕತ್ತರಿಸದೆ ಸರಿಸಿ, ಕೊಳವೆಯೊಳಗಿಂದ ಮೈಕ್ರೋಸ್ಕೋಪಲ್ಲಿ ನೋಡ್ತಾ ಗುಳ್ಳೆ ತೆಗೀತಾರೆ. ರಕ್ತ ಕಮ್ಮಿ ಹೋಗುತ್ತೆ, ಬೇಗ ಎದ್ದು ಓಡಾಡಬಹುದು. ಆದ್ರೆ ರೀಲ್ಸ್ ಹೇಳದೇ ಇರೋದು ಬೇಕಾದಷ್ಟಿದೆ. ಎಷ್ಟೋ ಜನಕ್ಕೆ ಮಾತ್ರೆ, ವ್ಯಾಯಾಮ, ಇಂಜೆಕ್ಷನ್‌ನಲ್ಲೇ ನೋವು ತಗ್ಗುತ್ತೆ. ಗುಳ್ಳೆ ಮತ್ತೆ ಬರಬಹುದು. ಮೂಳೆನೂ ಜಾರಿದ್ರೆ ಕೆಲವರಿಗೆ ಸ್ಕ್ರೂ ಹಾಕಿ ಬಿಗಿಯಬೇಕಾಗುತ್ತೆ. ತೂತು ಎಷ್ಟು ಚಿಕ್ಕದು ಅಂತ ಕೇಳೋಕೆ ಮುಂಚೆ "ನರ ಒತ್ತಿರೋದು ಏನು? ಆಪರೇಷನ್ ಮಾಡದಿದ್ರೆ ಏನಾಗುತ್ತೆ?" ಅಂತ ಕೇಳ್ರಪ್ಪಾ. ಮನೆಯವರಿಗೆ ಡಾಕ್ಟ್ರ ಮುಂದೆ ಬಾಯಿ ಬರಲ್ಲ, ಜೊತೆಗೆ ಹೋಗಿ ನೀವೇ ಕೇಳಿ.

ಕಾಯಬಾರದ್ದೂ ಇದೆ. ಮೂತ್ರ ಕಟ್ಟಿಕೊಂಡ್ರೆ, ಕೂರೋ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ರೆ, ಪಾದ ಎತ್ತೋಕೆ ಬರದಿದ್ರೆ ಅವತ್ತೇ ದೊಡ್ಡಾಸ್ಪತ್ರೆ. ನಾಳೆ ಅನ್ನಬೇಡಿ.

ನನ್ನ ಸಿಟ್ಟು ಇರೋದು ದೂರದ ಮೇಲೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಸರಿ. ಆದ್ರೆ 200 ಹೆಜ್ಜೆ ನಡೆಯೋಕೆ ಆಗದವರನ್ನ ಪಾವಗಡದಿಂದ ತುಮಕೂರಿಗೋ ನಿಮ್ಹಾನ್ಸ್‌ಗೋ ಬಸ್ಸಲ್ಲಿ ಅಲೆಸಿದ್ರೆ ಆ ಕಾರ್ಡು ಯಾವ ಸೀಮೆ ಸೌಲಭ್ಯ? ಒಂದು ದಿನದ ಕೂಲಿ ಅವರದ್ದು ಹೋಯ್ತು, ಜೊತೆಗೆ ಹೋದವರದ್ದೂ ಹೋಯ್ತು. ಆಮೇಲೆ "ಇನ್ನೊಂದ್ ಸಲ ಬನ್ನಿ".

ಪಾವಗಡದವರಿಗೆ ಇನ್ನೊಂದು ಮಾತು. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದಲೂ ಬೆನ್ನು ಮರದ ಹಾಗೆ ಬಿಗಿಯುತ್ತೆ, ನರದ ದಾರಿ ಕಿರಿದಾಗುತ್ತೆ. ಡಾಕ್ಟ್ರಿಗೆ ನೋವಿನ ಜೊತೆ ಯಾವ ನೀರು ಕುಡಿದು ಬೆಳೆದಿರಿ ಅನ್ನೋದನ್ನೂ ಹೇಳಿ. ಆ ನೀರಿನ ಕಥೆ ಭಾಗ 4ರಲ್ಲಿ.