ರೆಕ್ಕೆ ಸೊಟ್ಟಗಿದೆ, ನಡೆಯುತ್ತೆ ಬಿಡಿ!

ಯಲಹಂಕದಲ್ಲಿ ಮನೆ ಮಾಡಿದವರಿಗೆಲ್ಲ ಸಣ್ಣದೊಂದು ಜಂಬ ಇರುತ್ತೆ. ಫೆಬ್ರವರಿಯಲ್ಲಿ ಏರೋ ಇಂಡಿಯಾ ಬಂತೆಂದರೆ ನೆಂಟರಿಷ್ಟರೆಲ್ಲ ನಮ್ಮ ಟೆರೇಸಿಗೇ ಬರಬೇಕು. 1996ರಿಂದ ಈ ಜಾತ್ರೆ ಇಲ್ಲೇ ನಡೆದಿದೆ. 2023ರಲ್ಲಂತೂ ಹದ್ದುಗಳು ವಿಮಾನಕ್ಕೆ ಅಡ್ಡ ಬರ್ತವೆ ಅಂತ ವಾಯುಪಡೆ ನಿಲ್ದಾಣದ ಸುತ್ತ 10 ಕಿಲೋಮೀಟರ್ ಮಾಂಸ ಮಾರಾಟವನ್ನೇ ಬಿಬಿಎಂಪಿ ನಿಲ್ಲಿಸಿತ್ತು. ಮೂರು ವಾರ ಮಟನ್ ಬಿಟ್ಟು, ಕತ್ತು ನೋಯುವಷ್ಟು ಮೇಲೆ ನೋಡಿ, ಚಪ್ಪಾಳೆ ಹೊಡೆದ ಜನ ನಾವು.

ಇಂಥ ಊರಲ್ಲಿ ನಾನು ಮತ್ತು ನನ್ನ 11 ವರ್ಷದ ಮಗಳು ಊಟದ ಟೇಬಲ್ ಮೇಲೆ ರಿಮೋಟ್ ವಿಮಾನದ ರೆಕ್ಕೆ ಅಂಟಿಸುತ್ತ ಕೂತಿದ್ದಾಗ ಪಕ್ಕದ ಮನೆಯವರು ಬಂದು ಕೇಳಿದ್ದು ಏನು ಗೊತ್ತಾ? "ಯಾಕ್ ಸಾರ್ ಇಷ್ಟು ಕಷ್ಟ? ರೆಡಿಮೇಡ್ ಸಿಗುತ್ತಲ್ಲ. ಇವತ್ತು ಬುಕ್ ಮಾಡಿದ್ರೆ ನಾಳೆ ಬಾಗಿಲಿಗೇ ಬರುತ್ತೆ."

ಸಿಗುತ್ತೆ, ನಿಜ. ಥರ್ಮಾಕೋಲ್ ಥರದ ಫೋಮಿನ ವಿಮಾನ, ರೆಕ್ಕೆಯನ್ನು ಎರಡು ಸ್ಕ್ರೂ ಹಾಕಿ ಕೂರಿಸಿದರೆ ಮುಗಿಯಿತು. ಹಾರಿಸುವುದನ್ನು ಕಲಿಯಲು ಅದು ಒಳ್ಳೆಯದೇ, ನಮ್ಮನೆಯಲ್ಲೂ ಒಂದಿದೆ. ನನ್ನ ಜಗಳ ಆ ಆಟಿಕೆಯ ಜೊತೆ ಅಲ್ಲ. ಸ್ಕ್ರೂ ತಿರುಗಿಸಿದ್ದಕ್ಕೆ "ನನ್ನ ಮಗ ವಿಮಾನ ಮಾಡಿದ" ಅಂತ ಸ್ಟೇಟಸ್ ಹಾಕುವ ನಮ್ಮ ಜೊತೆ.

ಕಳೆದ ವರ್ಷ ಮಗಳನ್ನು ಒಂದು ವೀಕೆಂಡ್ ವರ್ಕ್‌ಶಾಪಿಗೆ ಕಳಿಸಿದ್ದೆ. ಎರಡು ಗಂಟೆ. ಕತ್ತರಿಸಿಟ್ಟ ಭಾಗಗಳು, ಮೊದಲೇ ಅಂಟಿಸಿದ ರೆಕ್ಕೆ. ಮಕ್ಕಳು ಸ್ಟಿಕ್ಕರ್ ಅಂಟಿಸಿದರು, ಟ್ರೇನರ್ ಹಾರಿಸಿದರು, ಅಪ್ಪ ಅಮ್ಮಂದಿರು ವಿಡಿಯೋ ಮಾಡಿಕೊಂಡರು. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್. ಮನೆಗೆ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಅವಳು ಕೇಳಿದಳು, "ಅಪ್ಪ, ರೆಕ್ಕೆ ಯಾಕೆ ಮೇಲಕ್ಕೆ ಬಾಗಿರುತ್ತೆ?" ಸರ್ಟಿಫಿಕೇಟ್ ಅವಳ ತೊಡೆ ಮೇಲೇ ಇತ್ತು. ಉತ್ತರ ಅದರಲ್ಲಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಆ ಪ್ರಶ್ನೆಗೇ ನಾವು ಮರದ ಕಿಟ್ ತರಿಸಿದ್ದು. 2 ಮಿಲಿಮೀಟರ್ ದಪ್ಪದ ಬಾಲ್ಸಾ ಪಟ್ಟಿಗಳನ್ನು ಪಕ್ಕೆಲುಬಿನ ಹಾಗೆ ಸಾಲಾಗಿ ನಿಲ್ಲಿಸಬೇಕು, ಉದ್ದಕ್ಕೆ ಬೆನ್ನುಮೂಳೆಯ ಥರ ಒಂದು ಕಡ್ಡಿ ಹಾಯಿಸಬೇಕು. ಹೀಗೆ 60 ಸೆಂಟಿಮೀಟರಿನ ಎರಡು ಭಾಗ. ಇವೆರಡನ್ನೂ ನಡುವೆ ಕೂಡಿಸುವುದೇ ನಿಜವಾದ ಪರೀಕ್ಷೆ. ಒಂದು ಭಾಗವನ್ನು ಟೇಬಲ್ಲಿಗೆ ಚಪ್ಪಟೆಯಾಗಿ ಒತ್ತಿಟ್ಟು, ಇನ್ನೊಂದರ ತುದಿಯನ್ನು 10 ಸೆಂಟಿಮೀಟರ್ ಎತ್ತಿ ಹಿಡಿಯಬೇಕು. ಅವಳ ಪಠ್ಯಪುಸ್ತಕಗಳನ್ನೇ ಪೇರಿಸಿದೆವು. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಬೇಡ, ಅರ್ಧ ಗಂಟೆಯದ್ದು ಬೇಕು. ಯಾಕೆಂದರೆ ಅಂಟು ಹಚ್ಚಿದ ಮೇಲೆಯೇ ತಪ್ಪು ಕಣ್ಣಿಗೆ ಬೀಳೋದು, ಸರಿಮಾಡಲು ಟೈಮ್ ಬೇಕಲ್ಲ?

ಬಾಗು ಯಾಕೆ ಅನ್ನೋದು ಅಲ್ಲಿ ತಿಳಿಯಿತು. ವಿಮಾನ ಒಂದು ಕಡೆಗೆ ವಾಲಿ ಜಾರತೊಡಗಿದಾಗ, ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿಯುತ್ತೆ. ಅದು ಎತ್ತಲ್ಪಡುತ್ತೆ, ವಿಮಾನ ತಾನಾಗಿ ಸಮಕ್ಕೆ ಬರುತ್ತೆ. ಇಷ್ಟೇ. ಕೈಯಲ್ಲಿ ಹಿಡಿದು ವಾಲಿಸಿ ನೋಡಿದ ಮಗುವಿಗೆ ಇದನ್ನು ಯಾರೂ ಎರಡನೇ ಸಲ ಹೇಳಬೇಕಿಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. ರೆಕ್ಕೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿದರೆ ಅದು ಬಿಗಿಯಾಗುತ್ತೆ. ಸಮನಾಗಿ ಬಿಗಿಯಾಗದಿದ್ದರೆ ರೆಕ್ಕೆಯನ್ನೇ ತಿರುಚುತ್ತೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದವಳು ಮಗಳು: "ಅಪ್ಪ, ಎಡಗಡೆ ತುದಿ ಹಿಂದೆ ಮೇಲೆದ್ದಿದೆ. ಸೊಟ್ಟ." ನಾಲ್ಕು ಮಿಲಿಮೀಟರ್ ಇರಬಹುದು. ಸೋಮವಾರ ನನಗೆ ರಿಲೀಸ್ ಇತ್ತು, ಹಾರಿಸಲು ಉಳಿದಿದ್ದು ಭಾನುವಾರ ಒಂದೇ. ಅಂದೆ, "ನಡೆಯುತ್ತೆ ಬಿಡು ಪುಟ್ಟಿ."

ನಡೆಯಲಿಲ್ಲ. ಚಿಕ್ಕಬಳ್ಳಾಪುರದ ಕಡೆ ಗೆಳೆಯನ ಹೊಲದಲ್ಲಿ, ಕೈಬಿಟ್ಟ ಮೂರೇ ಸೆಕೆಂಡಿಗೆ ಎಡಕ್ಕೆ ಮಗುಚಿ ರಾಗಿ ಹೊಲಕ್ಕೆ ಬಿತ್ತು. ಎಡಗಡೆ ಗಾಳಿಯ ಎತ್ತು ಕಡಿಮೆಯಾಗಿತ್ತು, ಬಲಗಡೆ ಹಾಗೇ ಇತ್ತು. ರೆಕ್ಕೆಯನ್ನು ಉಲ್ಟಾ ತಿರುಚಿ ಹಿಡಿದು ಇನ್ನೊಮ್ಮೆ ಬಿಸಿ ಮಾಡಿದ್ದರೆ ಎರಡು ನಿಮಿಷದ ಕೆಲಸ. ಮಗಳು ಅಳಲಿಲ್ಲ. "ನಾನು ಹೇಳಿದ್ನಲ್ಲ" ಅಂತಲೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವಾಗಿದ್ದು. ಕಣ್ಣಿಟ್ಟು ನೋಡೋದನ್ನು ಅವಳು ಕಲಿತಿದ್ದಳು, ನೋಡಿದರೂ ಸುಮ್ಮನಿರೋದನ್ನು ನಾನು ಕಲಿಸಿಬಿಟ್ಟೆನಲ್ಲ!

"ಹಾರಿಸೋಕೆ ಜಾಗ ಎಲ್ಲಿದೆ ಸಾರ್?" ಅಂತೀರಿ. ಒಪ್ಪಿದೆ. ಈ ಕಡೆ ಯಲಹಂಕ ವಾಯುನೆಲೆ, ಆ ಕಡೆ ಜಕ್ಕೂರು ಏರೋಡ್ರೋಮ್, ಮೇಲೆ ದೇವನಹಳ್ಳಿಯ ಏರ್‌ಪೋರ್ಟ್. 2021ರ ಡ್ರೋನ್ ನಿಯಮಗಳಲ್ಲಿ ನಮ್ಮ ಪುಟ್ಟ ವಿಮಾನವೂ ಡ್ರೋನ್ ಲೆಕ್ಕವೇ. ಕೆಂಪು, ಹಳದಿ ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಆ ನಿಯಮ ಸರಿಯಾಗೇ ಇದೆ, ಜನ ತುಂಬಿದ ವಿಮಾನದ ಎದುರು ನಮ್ಮ ಹವ್ಯಾಸ ದೊಡ್ಡದಲ್ಲ. ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಂಡು ಹಸಿರು ಇರುವಲ್ಲಿಗೆ ಹೋಗೋಣ. ಆದರೆ ಸ್ವಾಮಿ, ರೆಕ್ಕೆ ಕಟ್ಟೋಕೆ ಯಾರ ಅನುಮತಿ ಬೇಕು? ಒಂದು ಟೇಬಲ್ ಸಾಕಲ್ಲ?

1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮೊದಲು ಬೇರೆಯವರ ವಿಮಾನಗಳನ್ನು ಜೋಡಿಸಿತು. 1951ರ ಆಗಸ್ಟಿನಲ್ಲಿ ವಿ.ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಇದೇ ಬೆಂಗಳೂರಲ್ಲಿ ಹಾರಿತು. ಜೋಡಿಸುವುದರಿಂದ ಕಟ್ಟುವುದಕ್ಕೆ ಹೋದ ಊರು ಇದು. ಕಟ್ಟುವುದರಿಂದ ಅನ್‌ಬಾಕ್ಸಿಂಗಿಗೆ ವಾಪಸ್ ಬಂದವರು ನಾವು.

ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್ ಬರ್ತ್‌ಡೇ ಇಲ್ಲದ ದಿನ ಖಾಲಿ ಇರುತ್ತೆ. ತಿಂಗಳಿಗೆ ಎರಡು ಭಾನುವಾರ ಕೇಳಿ. ಮೂರು ತಿಂಗಳಲ್ಲಿ ನಾಲ್ಕು ಮಕ್ಕಳಿಗೆ ಒಂದು ರೆಕ್ಕೆ, ಸಾಕು. ಚಾಕು ಹಿಡಿಯುವಾಗ ಪಕ್ಕದಲ್ಲಿರಿ, ಉಳಿದಾಗ ಕೈ ಕಟ್ಟಿ ಕೂತಿರಿ. ಸರ್ಟಿಫಿಕೇಟ್ ದಯವಿಟ್ಟು ಬೇಡ. ಮಗು ಒಂದು ಕಣ್ಣು ಮುಚ್ಚಿ "ಇದು ಸೊಟ್ಟ ಇದೆ" ಅಂದರೆ, ನಿಮ್ಮ ಸೋಮವಾರದ ರಿಲೀಸ್ ಎಷ್ಟೇ ಅರ್ಜೆಂಟ್ ಇದ್ದರೂ, ಇಸ್ತ್ರಿಪೆಟ್ಟಿಗೆ ಪ್ಲಗ್ ಹಾಕಿ.

ನಮ್ಮ ಟೇಬಲ್ ಮೇಲೆ ಎರಡನೇ ರೆಕ್ಕೆ ಒಣಗುತ್ತಿದೆ. ಊಟ ನೆಲದ ಮೇಲೆ.