ಮರಕ್ಕೆ 20 ಸಾವಿರ ಜಾಸ್ತಿ ಕೊಡಬೇಕಾ?

ಕಳೆದ ಭಾನುವಾರ ಬೆಳಗ್ಗೆ ಇಡ್ಲಿ ತಟ್ಟೆ ಮುಂದೆ ಕೂತಿದ್ದೆ. ಚಿಕ್ಕಮ್ಮನ ಮಗನ ಫೋನ್ ಬಂತು.

"ಅಣ್ಣ, ಬೋನಸ್ ಬಂತು. ಎಲೆಕ್ಟ್ರಿಕ್ ಗಿಟಾರ್ ತಗೋತಾ ಇದೀನಿ. ಎರಡು ನೋಡಿಟ್ಟಿದೀನಿ. ಒಂದರ ಬಾಡಿ ಪಾಪ್ಲರ್ ಮರದ್ದು, ಇನ್ನೊಂದರದ್ದು ಆಶ್. ಆಶ್‌ದು 20 ಸಾವಿರ ಜಾಸ್ತಿ. ಟೋನ್ ಬೇರೆ ಲೆವೆಲ್ ಅಂತೆ. ತಗೊಳ್ಳಲಾ?"

ಸ್ಪೀಕರ್ ಆನ್ ಇತ್ತು. ಅಡುಗೆಮನೆಯಿಂದ ಅಮ್ಮ, "ಒಂದು ತುಂಡು ಮರಕ್ಕೆ 20 ಸಾವಿರಾನಾ? ಅಷ್ಟರಲ್ಲಿ ದೇವರಮನೆಗೆ ತೇಗದ ಬಾಗಿಲು ಮಾಡಿಸಬಹುದು ಕಣೋ" ಅಂದರು.

ಫೋನಲ್ಲೇ ಹೌದು ಅಥವಾ ಬೇಡ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಗೆ ತಪ್ಪು ಉತ್ತರ ನಂಬಿಕೊಂಡು ಎರಡು ವರ್ಷ ಗಿಟಾರನ್ನೇ ಮುಟ್ಟದೆ ಕಳೆದವನು ನಾನು. ಹಾಗಾಗಿ "ಸಂಜೆ ಮನೆಗೆ ಬಾ, ಮಾತಾಡೋಣ" ಅಂದೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ. ನಿಮ್ಮಲ್ಲೂ ಯಾರೋ ಒಬ್ಬರ ಕಾರ್ಟ್‌ನಲ್ಲಿ ಈಗ ಒಂದು ಗಿಟಾರ್ ಕೂತಿರುತ್ತೆ.

ಮೊದಲು ಒಂದು ಗೊಂದಲ ಬಿಡಿಸೋಣ. ಅಕೂಸ್ಟಿಕ್ ಗಿಟಾರ್‌ನಲ್ಲಿ ಮರವೇ ಸ್ಪೀಕರ್. ತಂತಿ ಅಲ್ಲಾಡಿದರೆ ಮೇಲಿನ ತೆಳು ಹಲಗೆ ಅಲ್ಲಾಡುತ್ತೆ, ಹಲಗೆ ಗಾಳಿಯನ್ನು ತಳ್ಳುತ್ತೆ, ನಮಗೆ ಕೇಳೋದು ಅದು. ನಮ್ಮ ವೀಣೆಯೂ ಹಾಗೇ. ಅದಕ್ಕೆ ಹಲಸಿನ ಮರವೇ ಬೇಕು ಅಂತ ಕುಶಲಕರ್ಮಿಗಳು ಹಟ ಹಿಡಿಯೋದರಲ್ಲಿ ಅರ್ಥ ಇದೆ.

ಎಲೆಕ್ಟ್ರಿಕ್ ಗಿಟಾರ್ ಕಥೆ ಬೇರೆ. ಅದರ ಬಾಡಿ ಗಟ್ಟಿ ಹಲಗೆ. ತಂತಿಯ ಕೆಳಗೆ ಪಿಕಪ್ ಇರುತ್ತೆ, ಅಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತೆ. ಆಂಪ್‌ಗೆ ಹೋಗೋದು ಅದು ಮಾತ್ರ. ಪಿಕಪ್‌ಗೆ ಕಬ್ಬಿಣ ಕಾಣುತ್ತೆ, ಮರ ಕಾಣಲ್ಲ.

ಹಾಗಾದ್ರೆ ಮರದಿಂದ ಏನೂ ಆಗಲ್ವಾ? ಆಗುತ್ತೆ, ಆದರೆ ಸುತ್ತುದಾರಿಯಲ್ಲಿ. ತಂತಿಯ ಎರಡು ತುದಿಗಳೂ ಮರಕ್ಕೇ ಕಟ್ಟಿರೋದರಿಂದ ಮರ ಸ್ವಲ್ಪ ಶಕ್ತಿಯನ್ನು ಹೀರಿಕೊಳ್ಳುತ್ತೆ. ಬಾಸ್ ಗಿಟಾರ್ ನುಡಿಸುವವರಿಗೆ ಇದು ಗೊತ್ತು. ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ಆಸುಪಾಸಿನಲ್ಲಿ ಕೆಲವು ಸ್ವರ ಬೇಗ ಸತ್ತುಹೋಗುತ್ತವೆ. ಆದರೆ ಅಲ್ಲಿ ಕಳ್ಳ ಬಾಡಿ ಅಲ್ಲ, ಉದ್ದಕ್ಕೆ ತೆಳ್ಳಗೆ ಇರೋ ನೆಕ್. ಎರಡು ಇಂಚಿಗೆ ಹತ್ತಿರದ ದಪ್ಪ ಹಲಗೆ ಅಷ್ಟು ಸುಲಭಕ್ಕೆ ಅಲ್ಲಾಡಲ್ಲ.

ಜಿಮ್ ಲಿಲ್ ಅನ್ನೋ ನ್ಯಾಶ್ವಿಲ್‌ನ ಗಿಟಾರ್ ವಾದಕ ಒಂದು ಪ್ರಯೋಗದ ವೀಡಿಯೊ ಮಾಡಿದ. ಬಾಡಿಯೂ ಇಲ್ಲ, ನೆಕ್ಕೂ ಇಲ್ಲ. ತಂತಿಗಳನ್ನು ಸುಮ್ಮನೆ ಗಾಳಿಯಲ್ಲಿ ಬಿಗಿದು, ಕೆಳಗೆ ಪಿಕಪ್ ಇಟ್ಟು ನುಡಿಸಿದ. ಹೆಡ್‌ಫೋನ್ ಹಾಕಿ ಕೇಳಿ. ಒಳ್ಳೆ ಗಿಟಾರ್‌ಗೂ ಅದಕ್ಕೂ ವ್ಯತ್ಯಾಸ ಹೇಳೋದು ಕಷ್ಟ. ನಾನು ಮೂರು ಸಲ ಕೇಳಿದೆ. ಮೂರನೇ ಸಲ ಬೇಜಾರೇ ಆಯ್ತು.

ಯಾಕೆ ಬೇಜಾರು ಅಂದ್ರೆ, ನನ್ನ ಕಥೆ ಹೀಗಿದೆ.

ಮೊದಲ ಸಂಬಳದ ವರ್ಷ ಒಂದು ಗಿಟಾರ್ ಕೊಂಡಿದ್ದೆ. ಬಾಸ್‌ವುಡ್ ಬಾಡಿ, ಕಡುನೀಲಿ ಬಣ್ಣ. ದಿನಾ ರಾತ್ರಿ ನುಡಿಸ್ತಿದ್ದೆ. ಆಮೇಲೆ ಓದಲು ಶುರು ಮಾಡಿದೆ. ಬಾಸ್‌ವುಡ್ ಅಂದ್ರೆ ಮಂಕು, ಮಹಾಗನಿ ಅಂದ್ರೆ ಬೆಚ್ಚಗೆ, ಆಶ್ ಅಂದ್ರೆ ಗಂಟೆ ಹೊಡೆದಂಗೆ ಸ್ಪಷ್ಟ! ಅಲ್ಲಿಯವರೆಗೆ ಚೆನ್ನಾಗೇ ಕೇಳ್ತಿದ್ದ ನನ್ನ ಗಿಟಾರ್ ಒಂದು ವಾರದಲ್ಲಿ ಮಂಕಾಗಿ ಕೇಳಲು ಶುರುವಾಯ್ತು. ಕಿವಿ ಬದಲಾಗಿರಲಿಲ್ಲ, ತಲೆ ಬದಲಾಗಿತ್ತು. ನೀಲಿ ಗಿಟಾರನ್ನು ಸಿಕ್ಕಿದ ಬೆಲೆಗೆ ಮಾರಿ, ಸಾಲ ಮಾಡಿ ಆಶ್ ಬಾಡಿಯದ್ದನ್ನು ತಂದೆ. ಆನ್‌ಲೈನ್‌ನಲ್ಲಿ ತಗೊಂಡಿದ್ದು, ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಮನೆಯಲ್ಲಿ ತೂಗಿದರೆ 4.8 ಕೆಜಿ.

ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಬಾಗಿ, ರಾತ್ರಿ ಅದನ್ನು ಎಡಹೆಗಲಿಗೆ ನೇತುಹಾಕಿಕೊಂಡು ನಿಂತರೆ ಏನಾಗುತ್ತೆ? ಆರು ತಿಂಗಳಲ್ಲಿ ಕುತ್ತಿಗೆಯಿಂದ ಬೆರಳ ತನಕ ಜೋಮು. ಫಿಸಿಯೋಥೆರಪಿಸ್ಟ್ ಕೇಳಿದ್ದು, "ಏನ್ ಸರ್, ಮೂಟೆ ಹೊರೋ ಕೆಲಸಾನಾ?" ಗಿಟಾರ್ ಸ್ಟ್ಯಾಂಡ್ ಮೇಲೆ ಹೋಯ್ತು. ಅಮ್ಮ ಅದರ ಮೇಲೆ ಟವೆಲ್ ಒಣಗಿಸಲು ಶುರು ಮಾಡಿದರು. ಇಎಂಐ ಮಾತ್ರ ತಪ್ಪದೆ ಹೋಗ್ತಿತ್ತು.

ಆ ನೀಲಿ ಗಿಟಾರ್ ಕೊಂಡ ಹುಡುಗ ಒಂದು ಕಾಲೇಜ್ ಬ್ಯಾಂಡ್ ಸೇರಿದ. ಅವನು ಸ್ಟೇಜ್ ಮೇಲೆ ಅದನ್ನೇ ನುಡಿಸೋದನ್ನು ಒಂದು ಸಲ ಕೇಳಿದೆ. ಏನ್ ಸೌಂಡ್ ರೀ ಅದು! ಪಿಕಪ್ ಬದಲಾಯಿಸಿದ್ದನಂತೆ, ಅಷ್ಟೇ. ಹಿಂದೆ ನಿಂತು ಪೂರ್ತಿ ಕೇಳಿದೆ. ಮಾತಾಡಿಸದೆ ಬಂದುಬಿಟ್ಟೆ.

ತಮ್ಮನಿಗೆ ಇದೆಲ್ಲ ಹೇಳಿದೆ. ಅವನು ಸುಲಭಕ್ಕೆ ಬಿಡೋನಲ್ಲ. "ಹಂಗಾದ್ರೆ ದೊಡ್ಡ ಕಂಪನಿಗಳು ಸುಮ್ನೆ ಆಶ್ ಹಾಕ್ತಿದ್ವಾ ಅಣ್ಣ?"

ಒಳ್ಳೆ ಪ್ರಶ್ನೆ. ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಮಾಡ್ತಿದ್ದ ಮನುಷ್ಯ. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. 1949ರ ಮೊದಲ ಮಾದರಿಯನ್ನು ಪೈನ್ ಮರದಲ್ಲಿ ಮಾಡಿದರು. ಆಮೇಲೆ ಆಶ್‌ಗೆ ಬಂದರು. ಅದರ ನಾರಿನ ಗೆರೆಗಳು ತೆಳು ಹಳದಿ ಬಣ್ಣದ ಅಡಿಯಲ್ಲಿ ಚೆಂದ ಕಾಣುತ್ತವೆ. 1954ರ ಸ್ಟ್ರಾಟೊಕಾಸ್ಟರ್ ಕೂಡ ಮೊದಲು ಆಶ್‌ನದ್ದೇ. 1956ರ ಹೊತ್ತಿಗೆ ಹೆಚ್ಚಿನವು ಆಲ್ಡರ್‌ಗೆ ಬದಲಾದವು, ಯಾಕಂದ್ರೆ ಅದು ಸುಲಭಕ್ಕೆ ಸಿಗ್ತಿತ್ತು, ಬಣ್ಣ ಹಚ್ಚಲೂ ಸಲೀಸು. ಗೆರೆ ಕಾಣಬೇಕಾದ ಬಣ್ಣಗಳಿಗೆ ಮಾತ್ರ ಆಶ್ ಉಳೀತು. ನಾವು ಇವತ್ತು ಟೋನ್ ಅಂತ ಪೂಜೆ ಮಾಡೋ ಎರಡೂ ಮರಗಳು ಕಾರ್ಖಾನೆಯ ಲೆಕ್ಕಾಚಾರದಿಂದ ಬಂದವು.

1952ರ ಗಿಬ್ಸನ್ ಲೆಸ್ ಪಾಲ್‌ನಲ್ಲಿ ಮಹಾಗನಿ ಮೇಲೆ ಮೇಪಲ್ ಹಲಗೆ ಅಂಟಿಸಿದರು. ಪೂರ್ತಿ ಮೇಪಲ್ ಆದ್ರೆ ಹೊರಲಾಗದಷ್ಟು ಭಾರ. ನೋಡಿ, ಅಲ್ಲೂ ಹೆಗಲಿನ ಚಿಂತೆ ಇತ್ತು!

ಇನ್ನು ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ. ಹದಿಹರೆಯದಲ್ಲಿ, 1963ರಲ್ಲಿ, ಅಪ್ಪನ ಜೊತೆ ಕೂತು ಗಿಟಾರ್ ಮಾಡಲು ಶುರು ಮಾಡಿದವರು. ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಬಾಡಿಗೆ ಹಳೇ ಮೇಜಿನ ಓಕ್ ತುಂಡು, ಬ್ಲಾಕ್‌ಬೋರ್ಡ್, ಮೇಲೆ ಮಹಾಗನಿಯ ತೆಳು ಪದರ. ಯಾವ ಪಟ್ಟಿಯಲ್ಲೂ ಇಲ್ಲದ ಮರಗಳು. ಆ ಟೋನನ್ನು ನಕಲು ಮಾಡಲು ಜನ ಇವತ್ತಿಗೂ ಒದ್ದಾಡ್ತಾರೆ. 1969ರಲ್ಲಿ ಡ್ಯಾನ್ ಆರ್ಮ್‌ಸ್ಟ್ರಾಂಗ್ ಪಾರದರ್ಶಕ ಅಕ್ರಿಲಿಕ್‌ನಲ್ಲೇ ಬಾಡಿ ಮಾಡಿದ್ದರು, ಕೀತ್ ರಿಚರ್ಡ್ಸ್ ಅದನ್ನು ಸ್ಟೇಜ್ ಮೇಲೆ ನುಡಿಸಿದರು.

"ಮತ್ತೆ ಆಶ್‌ಗೆ ರೇಟ್ ಯಾಕೆ ಅಷ್ಟು?"

ಮರ ಸಿಗ್ತಿಲ್ಲ, ಅದಕ್ಕೆ. ಗಿಟಾರಿಗೆ ಬಳಸೋ ಹಗುರ ಆಶ್ ಬರೋದು ಅಮೆರಿಕದ ದಕ್ಷಿಣದ ಜೌಗು ನೆಲದಿಂದ. ಅಲ್ಲಿ ಪ್ರವಾಹ ಜಾಸ್ತಿಯಾಗಿ ಮರ ಕಡಿಯೋದೇ ಕಷ್ಟವಾಗಿದೆ. ಅದರ ಮೇಲೆ ಪೂರ್ವ ಏಷ್ಯಾದಿಂದ ಬಂದ ಒಂದು ಹಸಿರು ಕೊರೆಹುಳು 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಗಿ, ಆಮೇಲೆ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. 2020ರಲ್ಲಿ ಫೆಂಡರ್ ಕಂಪನಿಯೇ ಮಾಮೂಲಿ ಮಾಡೆಲ್‌ಗಳಲ್ಲಿ ಆಶ್ ನಿಲ್ಲಿಸ್ತೀವಿ ಅಂತ ಘೋಷಿಸಿತು. ಆ 20 ಸಾವಿರದಲ್ಲಿ ಒಂದು ಪಾಲು ಹುಳದ ಬಾಬ್ತು.

ಮಹಾಗನಿ ಅಂತ ಬರೆದಿದ್ದರೂ ಹುಷಾರು. ಅಗ್ಗದ ಗಿಟಾರ್‌ಗಳಲ್ಲಿ ಆ ಹೆಸರಿನ ಹಿಂದೆ ಮೆರಾಂಟಿ, ನ್ಯಾಟೊ ತರದ ಬೇರೆ ಜಾತಿಯ ಮರ ಇರೋದುಂಟು. ಅವು ಕೆಟ್ಟ ಮರ ಅಲ್ಲ, ಹೆಸರು ಮಾತ್ರ ಸಾಲದ್ದು. (ನಮ್ಮ ಮಾವ ತೆಂಗಿನ ತೋಟದ ಬದುವಿಗೆ ಮಹಾಗನಿ ಸಸಿ ನೆಟ್ಟು ಕೋಟಿ ಎಣಿಸ್ತಾ ಕೂತಿದಾರೆ. ಗಿಟಾರ್ ಕಂಪನಿ ಬಂದು ಕೊಳ್ಳುತ್ತೆ ಅಂತ ಯಾರೋ ಹೇಳಿದಾರಂತೆ. ನಾನು ಬಾಯಿ ಬಿಟ್ಟಿಲ್ಲ.) ಅಂದ ಹಾಗೆ ನಮ್ಮ ಘಟ್ಟದ ಬೀಟೆ ಮರ ಜಗತ್ತಿನ ಗಿಟಾರ್‌ಗಳಲ್ಲಿ ಇದ್ದೇ ಇದೆ, ಎಲೆಕ್ಟ್ರಿಕ್‌ನಲ್ಲಾದರೆ ಹೆಚ್ಚಾಗಿ ಬೆರಳಿಡುವ ಹಲಗೆಯಲ್ಲಿ.

ಹಾಗಾದ್ರೆ ಅಂಗಡಿಯಲ್ಲಿ ಏನು ನೋಡಬೇಕು? ನನ್ನ ಅಭಿಪ್ರಾಯ ಹೇಳ್ತೀನಿ, ಜಗಳಕ್ಕೆ ಬರೋರು ಬರಲಿ. ಮೊದಲು ತೂಕ. ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿ ಜೇಬಲ್ಲಿ ಇಟ್ಕೊಂಡು ಹೋಗಿ, ನಾಚಿಕೆ ಬೇಡ. ಒಂದೇ ಜಾತಿಯ ಎರಡು ಮರದಲ್ಲೇ ಒಂದು ಕೆಜಿ ವ್ಯತ್ಯಾಸ ಇರುತ್ತೆ. ಮೂರೂವರೆ ಕೆಜಿ ಆಸುಪಾಸು ಇದ್ರೆ ಹೆಗಲು ಸುಖವಾಗಿರುತ್ತೆ, ನಾಲ್ಕು ದಾಟಿದರೆ ಯೋಚನೆ ಮಾಡಿ. ಆಮೇಲೆ ಸ್ಟ್ರಾಪ್ ಹಾಕಿ ನಿಂತು ಹತ್ತು ನಿಮಿಷ ನುಡಿಸಿ. ಅಂಗಡಿಯವರು ಸ್ಟೂಲ್ ಕೊಟ್ಟರೂ ಕೂರಬೇಡಿ. ಕೈಬಿಟ್ಟಾಗ ನೆಕ್ ನೆಲದ ಕಡೆ ಬಾಗಿದರೆ ಅದು ಬೇಡ.

ಟೋನ್ ವಿಷಯಕ್ಕೆ ಬಂದರೆ ಪಿಕಪ್ ಸಿಂಗಲ್ ಕಾಯ್ಲಾ, ಹಂಬಕ್ಕರ್ರಾ ಅನ್ನೋದೇ ದೊಡ್ಡ ನಿರ್ಧಾರ. ಅದು ಬದಲಾದರೆ ಪಕ್ಕದ ರೂಮಿನವರಿಗೂ ಗೊತ್ತಾಗುತ್ತೆ. ಪಿಕಪ್ ಪಕ್ಕದ ಸ್ಕ್ರೂ ತಿರುಗಿಸಿ ಎತ್ತರ ಎರಡು ಮಿಲಿಮೀಟರ್ ಇಳಿಸಿ ನೋಡಿ. ಬಿಟ್ಟಿಯಾಗಿ ಬೇರೆ ಗಿಟಾರ್ ಸಿಕ್ಕಿದಂಗಿರುತ್ತೆ. ಹೊಸ ತಂತಿಯೂ ಅಷ್ಟೇ. ಆಂಪ್ ಮತ್ತು ಅದರ ಸ್ಪೀಕರ್ ಬಗ್ಗೆ ಹೇಳೋದೇ ಬೇಡ, ಅರ್ಧ ಟೋನ್ ಅಲ್ಲಿದೆ. ಗಿಟಾರಿಗೇ ಎಲ್ಲ ದುಡ್ಡು ಸುರಿದು ಆಂಪ್‌ಗೆ ಮೂರು ಸಾವಿರ ಉಳಿಸೋರನ್ನ ಕಂಡರೆ ನನಗೆ ಅಯ್ಯೋ ಅನ್ಸುತ್ತೆ.

ಇಷ್ಟೆಲ್ಲ ಕೇಳಿಸಿಕೊಂಡ ತಮ್ಮ ತಲೆ ಆಡಿಸಿ, ಕಾಫಿ ಕುಡಿದು ಹೋದ. ಗುರುವಾರ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಅಂಗಡಿಯಲ್ಲಿ ಕೊಕ್ಕೆ ತಕ್ಕಡಿಗೆ ಗಿಟಾರ್ ನೇತಾಡ್ತಿದೆ, ಹಿಂದೆ ಅಂಗಡಿ ಹುಡುಗ ನಗ್ತಿದಾನೆ. ತಕ್ಕಡಿಯಲ್ಲಿ 3.4.

ಗಿಟಾರ್ ಮಾತ್ರ ಆಶ್‌ದು.

ಫೋನ್ ಮಾಡಿದೆ. "ಟೋನಿಗಲ್ಲ ಅಣ್ಣ, ನೋಡಕ್ಕೆ ಚೆನ್ನಾಗಿದೆ. ಆ ಗೆರೆಗಳು ನೋಡಿದ್ರಾ? ಬೆಳಗ್ಗೆ ಎದ್ದ ತಕ್ಷಣ ಕೈಗೆತ್ತಿಕೊಳ್ಳಬೇಕು ಅನ್ಸುತ್ತೆ."

ಇದಕ್ಕೆ ನನ್ನ ತಕರಾರಿಲ್ಲ. ಅನ್ಸಿದರೆ ಎತ್ತಿಕೊಳ್ತಾನೆ, ಎತ್ತಿಕೊಂಡರೆ ನುಡಿಸ್ತಾನೆ. "ಸರಿ, ಸೌಂಡ್ ಹೇಗಿದೆ?" ಅಂತ ಕೇಳಿದೆ.

"ಗೊತ್ತಿಲ್ಲ ಅಣ್ಣ. ಆಂಪ್‌ಗೆ ದುಡ್ಡು ಉಳೀಲಿಲ್ಲ. ಮುಂದಿನ ತಿಂಗಳು ಸಂಬಳ ಬರಲಿ."